ಕಡಲ ಸ್ಪಂಜುಗಳ ರಾಸಾಯನಿಕ ರಕ್ಷಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನಲ್ಲಿ ಪದವಿ ತರಗತಿಗಳಿಗೆ ಪ್ರಾಣಿಶಾಸ್ತ್ರ ಪಾಠ ಮಾಡುವಾಗ ಸ್ಪಂಜುಗಳನ್ನೊಳಗೊಂಡ ಪೊರಿಫೆರಾ ವಂಶಕ್ಕೆ ಸಿಗುವ ಅವಧಿಗಳು ಕಡಿಮೆ. ಗಾಜಿನ ಜಾಡಿಯಲ್ಲಿರುವ ಸೈಕಾನ್, ಯೂಪ್ಲೆಕ್ಟೆಲ್ಲಾ ಮಾದರಿಗಳನ್ನು ತೋರಿಸಿ, ನಾಲಾ ವ್ಯವಸ್ಥೆಯ ಚಿತ್ರ ಬರೆಸಿ ಮುಂದಿನ ವಂಶಕ್ಕೆ ಹೋಗುವುದು ವಾಡಿಕೆಯಾಗಿದೆ. ಆದರೂ ಓಡಲಾರದ, ಕಚ್ಚಲಾರದ, ಚಿಪ್ಪೂ ಇಲ್ಲದ ಈ ಪ್ರಾಣಿಯನ್ನು ಮೀನುಗಳು ಏಕೆ ತಿಂದು ಮುಗಿಸಿಲ್ಲ ಎಂದು ಪ್ರತಿ ತಂಡದಲ್ಲಿಯೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಅದು ಇಡೀ ಪಾಠದಲ್ಲೇ ಅತ್ಯುತ್ತಮ ಪ್ರಶ್ನೆ ಎಂದು ನನ್ನ ಭಾವನೆ. ಅದರ ಬೆನ್ನಿಗೇ ಹುಟ್ಟುವ ಉಳಿದ ಪ್ರಶ್ನೆಗಳನ್ನೂ ಸೇರಿಸಿ, ತರಗತಿಯಲ್ಲಿ ಹೇಳಲು ಸಮಯ ಸಾಲದ ಉತ್ತರಗಳನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ಸ್ಪಂಜು ನಿಜಕ್ಕೂ ಪ್ರಾಣಿಯೇ?

ಹೌದು. ಬೇರೂರಿದಂತೆ ಒಂದೇ ಕಡೆ ಕುಳಿತಿರುವುದರಿಂದ ಅದು ಗಿಡದಂತೆ ಕಂಡರೂ ಸ್ಪಂಜು ತನ್ನ ಆಹಾರವನ್ನು ನೀರಿನಿಂದ ಸೋಸಿ ತಿನ್ನುವ ಬಹುಕೋಶ ಪ್ರಾಣಿ. ಇದುವರೆಗೆ 9,000ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದ್ದು, ಅವುಗಳಲ್ಲಿ ಬಹುಪಾಲು ಸಮುದ್ರವಾಸಿಗಳು. ಸ್ನಾಯು, ನರ, ಬಾಯಿ, ಜಠರ ಯಾವುದೂ ಇಲ್ಲದ ಈ ಜೀವಿ ಮೈಮೇಲಿನ ಸಣ್ಣ ರಂಧ್ರಗಳಿಂದ ನೀರನ್ನು ಒಳಗೆ ಎಳೆದುಕೊಂಡು, ಕೊರಳಕೋಶಗಳ ಸಹಾಯದಿಂದ ಬ್ಯಾಕ್ಟೀರಿಯಾ ಮತ್ತು ಸೂಕ್ಷ್ಮ ಕಣಗಳನ್ನು ಹಿಡಿದು, ಉಳಿದ ನೀರನ್ನು ದೊಡ್ಡ ರಂಧ್ರದಿಂದ ಹೊರಗೆ ಬಿಡುತ್ತದೆ.

ಅದಕ್ಕೆ ರಕ್ಷಣೆಯ ಅಗತ್ಯ ಅಷ್ಟೊಂದು ಏಕೆ?

ಮರಿ ಹಂತದಲ್ಲಿ ಕೆಲವು ಗಂಟೆಗಳಿಂದ ಕೆಲವು ದಿನ ಈಜಾಡುವ ಸ್ಪಂಜು, ಒಮ್ಮೆ ಬಂಡೆಗೆ ಅಂಟಿಕೊಂಡ ಮೇಲೆ ಆಯುಷ್ಯವನ್ನೆಲ್ಲ ಅಲ್ಲಿಯೇ ಕಳೆಯುತ್ತದೆ. ಹಗಲಿಡೀ ಮೇಯುವ ನೂರಾರು ಜಾತಿಯ ಮೀನುಗಳಿರುವ ಹವಳದ ದಿಬ್ಬದ ಮೇಲೆ, ಪ್ರೋಟೀನು ತುಂಬಿದ ಮೆತ್ತನೆಯ ಮೈಯೊಂದು ಎಲ್ಲರ ಕಣ್ಣಿಗೆ ಬೀಳುವಂತೆ ವರ್ಷಗಟ್ಟಲೆ ಉಳಿಯಬೇಕಾದರೆ ಅದನ್ನು ತಿನ್ನದೆ ಬಿಡಲು ಮೀನಿಗೆ ಬಲವಾದ ಕಾರಣವಿರಬೇಕು.

ಮೈಯಲ್ಲಿರುವ ಮುಳ್ಳುಗಳೇ ಆ ಕಾರಣವಲ್ಲವೇ?

ಸೂಕ್ಷ್ಮದರ್ಶಕದಲ್ಲಿ ಸ್ಪಿಕ್ಯೂಲ್‌ಗಳ ಸ್ಲೈಡ್ ನೋಡಿದವರಿಗೆಲ್ಲ ಹೀಗನ್ನಿಸುವುದು ಸಹಜ. ಸಿಲಿಕಾದಿಂದ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟಿನಿಂದಾದ ಆ ಚೂಪು ಮುಳ್ಳುಗಳು ಬಾಯಿಗೆ ಚುಚ್ಚುತ್ತವೆ, ಆದ್ದರಿಂದ ಮೀನು ಉಗುಳುತ್ತದೆ ಎಂದು ವಿಜ್ಞಾನಿಗಳೂ ಬಹಳ ಕಾಲ ನಂಬಿದ್ದರು. ಈ ನಂಬಿಕೆಯನ್ನು 1995ರಲ್ಲಿ ಕ್ಯಾರಿಬಿಯನ್ ಪ್ರದೇಶದ ಸ್ಪಂಜುಗಳ ಮೇಲೆ ಪರೀಕ್ಷಿಸಲಾಯಿತು. ಸ್ಪಂಜಿನಿಂದ ಬೇರ್ಪಡಿಸಿದ ಸ್ಪಿಕ್ಯೂಲ್‌ಗಳನ್ನು ಸ್ಪಂಜಿನಲ್ಲಿರುವಷ್ಟೇ ಪ್ರಮಾಣದಲ್ಲಿ ಆಹಾರಕ್ಕೆ ಬೆರೆಸಿ ಕೊಟ್ಟಾಗ ಮೀನುಗಳು ಹೆಚ್ಚಿನ ತಕರಾರಿಲ್ಲದೆ ತಿಂದವು. ಮೈಯ ಗಡಸುತನವಾಗಲಿ, ಪೌಷ್ಟಿಕಾಂಶದ ಕೊರತೆಯಾಗಲಿ ಮೀನನ್ನು ತಡೆಯುವ ಮುಖ್ಯ ಕಾರಣವೆಂದು ಆ ಅಧ್ಯಯನದಲ್ಲಿ ಕಂಡುಬರಲಿಲ್ಲ. ಸ್ಪಿಕ್ಯೂಲ್‌ಗಳ ಪ್ರಧಾನ ಕೆಲಸ ಮೈಗೆ ಆಧಾರ ಕೊಡುವುದು.

ರಾಸಾಯನಿಕಗಳೇ ಮೀನನ್ನು ತಡೆಯುತ್ತವೆ ಎಂಬುದನ್ನು ಸಾಬೀತುಪಡಿಸಿದ್ದು ಹೇಗೆ?

ಈ ಪ್ರಯೋಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ವಿಷಯ ನಿಂತಿರುವುದು ಅದರ ಮೇಲೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ವಿಲ್ಮಿಂಗ್ಟನ್ ಕೇಂದ್ರದ ಜೋಸೆಫ್ ಪಾಲಿಕ್ ಮತ್ತು ಸಂಗಡಿಗರು ಮೊದಲು ಸ್ಪಂಜಿನ ಒಂದು ತುಂಡಿನ ಗಾತ್ರವನ್ನು ಅಳೆದು, ಸಾವಯವ ದ್ರಾವಕಗಳಲ್ಲಿ ನೆನೆಸಿ ಅದರ ಸಾರವನ್ನು ತೆಗೆದರು. ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್‌ನ ಒಣ ಮಾಂಸದ ಪುಡಿಯನ್ನು ಕಡಲಪಾಚಿಯಿಂದ ಸಿಗುವ ಆಲ್ಜಿನೇಟ್ ಜೊತೆ ಕಲಸಿ, ಅದಕ್ಕೆ ಈ ಸಾರವನ್ನು ಸೇರಿಸಿದರು. 10 ಮಿಲಿಲೀಟರ್ ಸ್ಪಂಜಿನ ಸಾರ 10 ಮಿಲಿಲೀಟರ್ ಆಹಾರಕ್ಕೆ, ಅಂದರೆ ಜೀವಂತ ಸ್ಪಂಜನ್ನು ಕಚ್ಚಿದರೆ ಮೀನಿಗೆ ಎಷ್ಟು ಸಿಗುತ್ತಿತ್ತೋ ಅಷ್ಟೇ ಸಿಗಬೇಕು ಎಂಬುದು ಇಲ್ಲಿನ ನಿಯಮ. ಆ ಮಿಶ್ರಣವನ್ನು ಸಿರಿಂಜಿನಿಂದ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದೊಳಗೆ ಒತ್ತಿದಾಗ ಅದು ಗಟ್ಟಿಯಾದ ಎಳೆಯಾಗುತ್ತದೆ. ಎಳೆಯನ್ನು ಸಣ್ಣ ಸಣ್ಣ ತುಣುಕುಗಳಾಗಿ ಕತ್ತರಿಸಿ, ನೀಲಿ ತಲೆಯ ರ‍್ಯಾಸ್ ಎಂಬ ಚಿಕ್ಕ ಮೀನುಗಳಿಗೆ ಒಂದೊಂದಾಗಿ ಹಾಕಲಾಯಿತು.

ಈ ಮೀನು ಎದುರಿಗೆ ಬಂದದ್ದನ್ನೆಲ್ಲ ಬಾಯಿಗೆ ಹಾಕಿಕೊಂಡು ನೋಡುವ ಸ್ವಭಾವದ್ದು. ಸಾರವಿಲ್ಲದ ತುಣುಕನ್ನು ಕೂಡಲೇ ನುಂಗುತ್ತದೆ. ಅರುಚಿಯ ಸಾರವಿರುವ ತುಣುಕನ್ನು ಬಾಯಿಗೆ ತೆಗೆದುಕೊಂಡು ಉಗುಳುತ್ತದೆ, ಮತ್ತೆ ಹಿಡಿದು ಮತ್ತೆ ಉಗುಳುತ್ತದೆ, ಕೊನೆಗೆ ಬಿಟ್ಟುಹೋಗುತ್ತದೆ. ಉಗುಳಿದ ಮೀನಿಗೆ ಹಸಿವಿರಲಿಲ್ಲವೇನೋ ಎಂಬ ಸಂಶಯ ಉಳಿಯದಂತೆ ಅದಕ್ಕೆ ಮತ್ತೆ ಸಾರವಿಲ್ಲದ ತುಣುಕನ್ನು ಕೊಟ್ಟು ನೋಡಲಾಗುತ್ತದೆ. ಹೀಗೆ ಪರೀಕ್ಷಿಸಿದ 71 ಪ್ರಭೇದಗಳ ಪೈಕಿ ಶೇ. 69ರಷ್ಟು ಪ್ರಭೇದಗಳ ಸಾರವನ್ನು ಮೀನುಗಳು ತಿರಸ್ಕರಿಸಿದವು. ಸ್ಪಂಜಿನ ಆಕಾರ, ಮುಳ್ಳು, ಬಣ್ಣ, ಗಡಸುತನ ಎಲ್ಲವನ್ನೂ ತೆಗೆದುಹಾಕಿ ರಾಸಾಯನಿಕವನ್ನಷ್ಟೇ ಉಳಿಸಿಕೊಂಡು ನಡೆಸಿದ ಪರೀಕ್ಷೆ ಇದಾದ್ದರಿಂದ ಇದರ ಫಲಿತಾಂಶಕ್ಕೆ ತೂಕವಿದೆ. ಪ್ರಯೋಗವನ್ನು ಹೇಗೆ ಕಟ್ಟಬೇಕು ಎಂಬುದಕ್ಕೆ ನಾನು ತರಗತಿಯಲ್ಲಿ ಕೊಡುವ ಉದಾಹರಣೆಯೂ ಇದೇ.

ಅಂದರೆ ಸ್ಪಂಜು ತಿಂದ ಮೀನು ಸಾಯುತ್ತದೆಯೇ?

ಬಹುಪಾಲು ಸಂದರ್ಭಗಳಲ್ಲಿ ಇಲ್ಲ. ವಿಷತ್ವ ಬೇರೆ, ಅರುಚಿ ಬೇರೆ ಎಂಬುದನ್ನು ವಿದ್ಯಾರ್ಥಿಗಳು ಮೊದಲು ಗಮನಿಸಬೇಕು. ತಿಂದ ಮೀನು ಸತ್ತರೂ ಅಷ್ಟರಲ್ಲಿ ಸ್ಪಂಜಿನ ಮೈಗೆ ಗಾಯವಾಗಿರುತ್ತದೆ, ಮತ್ತು ಸತ್ತ ಮೀನು ಪಾಠ ಕಲಿಯುವುದಿಲ್ಲ. ಬಾಯಿಗಿಟ್ಟ ಕೂಡಲೇ ಉಗುಳುವಂತೆ ಮಾಡುವ ರುಚಿಯಿಂದ ಸ್ಪಂಜಿಗೆ ಹೆಚ್ಚು ಲಾಭವಿದೆ, ಏಕೆಂದರೆ ಅದೇ ಮೀನು ನಾಳೆಯೂ ಅಲ್ಲಿಯೇ ಈಜಾಡುತ್ತಿರುತ್ತದೆ ಮತ್ತು ಆ ರುಚಿಯನ್ನು ನೆನಪಿಟ್ಟುಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಮೀನಿಗೆ ಹೆಚ್ಚು ವಿಷಕಾರಿ ಎಂದು ಕಂಡ ಸಾರವೇ ತಿನ್ನುವುದನ್ನೂ ಹೆಚ್ಚು ತಡೆಯುತ್ತದೆ ಎನ್ನುವಂತಿಲ್ಲ. ಇವೆರಡರ ನಡುವೆ ನೇರ ಸಂಬಂಧ ಕಾಣುವುದಿಲ್ಲ.

ಇದಕ್ಕೆ ಹೊರತಾದವೂ ಇವೆ. ಕೆಂಪು ಸಮುದ್ರದ ನೆಗೊಂಬಾಟಾ ಮ್ಯಾಗ್ನಿಫಿಕಾ ಎಂಬ ಸ್ಪಂಜನ್ನು ಹಿಂಡಿದರೆ ಕೆಂಪು ದ್ರವ ಒಸರುತ್ತದೆ, ಸುತ್ತಲಿನ ಮೀನುಗಳು ಆ ಜಾಗ ಬಿಟ್ಟು ಹೋಗುತ್ತವೆ. ಅಕ್ವೇರಿಯಂನಲ್ಲಿ ಅದನ್ನು ಹಿಂಡಿದಾಗ ಮೀನುಗಳು ಕೆಲವೇ ನಿಮಿಷಗಳಲ್ಲಿ ಸತ್ತದ್ದನ್ನು ಇಸ್ರೇಲಿನ ಸಂಶೋಧಕರು 1975ರಲ್ಲಿ ವರದಿ ಮಾಡಿದರು.

ಆ ರಾಸಾಯನಿಕಗಳು ಯಾವುವು?

ಸ್ಪಂಜುಗಳಿಂದ ಬೇರ್ಪಡಿಸಿದ ಸಂಯುಕ್ತಗಳು ಸಾವಿರಾರು ಇವೆಯಾದರೂ ಮೀನಿನ ಮೇಲೆ ಪರೀಕ್ಷಿಸಿ ನೋಡಿದವು ಅವುಗಳಲ್ಲಿ ಸ್ವಲ್ಪವೇ. ಅಗೆಲಾಸ್ ಕುಲದ ಸ್ಪಂಜುಗಳಲ್ಲಿ ಓರಾಯ್ಡಿನ್ ಎಂಬ ಆಲ್ಕಲಾಯ್ಡ್, ಅಂದರೆ ಸಾರಜನಕವುಳ್ಳ ಜೈವಿಕ ಸಂಯುಕ್ತ, ಇದೆ. ಅದರ ಪ್ರತಿ ಅಣುವಿನಲ್ಲೂ ಎರಡು ಬ್ರೋಮಿನ್ ಪರಮಾಣುಗಳಿರುತ್ತವೆ. ನೆಲದ ಮೇಲಿನ ಜೀವಿಗಳಲ್ಲಿ ಬಹಳ ಅಪರೂಪವಾದ ಬ್ರೋಮಿನ್ ಇಲ್ಲಿ ಹೇಗೆ ಬಂತು ಎಂದರೆ, ಪ್ರತಿ ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 65 ಮಿಲಿಗ್ರಾಂ ಬ್ರೋಮೈಡ್ ಇರುತ್ತದೆ. ದಿನವಿಡೀ ನೀರನ್ನೇ ಸೋಸುವ ಪ್ರಾಣಿಗೆ ಅದರ ಕೊರತೆಯಿಲ್ಲ. ಎರಿಲಸ್ ಫಾರ್ಮೋಸಸ್ ಎಂಬ ಸ್ಪಂಜು ಸಕ್ಕರೆಯ ಅಂಶ ಜೋಡಿಕೊಂಡಿರುವ ಟ್ರೈಟರ್ಪೀನ್ ಗ್ಲೈಕೊಸೈಡ್‌ಗಳನ್ನು ಬಳಸುತ್ತದೆ. ನೆಗೊಂಬಾಟಾದಲ್ಲಿರುವುದು ಲ್ಯಾಟ್ರಂಕುಲಿನ್. ಇದು ಜೀವಕೋಶದ ಆಕಾರ ಮತ್ತು ಚಲನೆಗೆ ಬೇಕಾದ ಆಕ್ಟಿನ್ ಪ್ರೋಟೀನಿಗೆ ಅಂಟಿಕೊಂಡು ಅದರ ಎಳೆಗಳು ಕಟ್ಟದಂತೆ ತಡೆಯುತ್ತದೆ. ಇದೇ ಗುಣದಿಂದಾಗಿ ಜಗತ್ತಿನ ಕೋಶವಿಜ್ಞಾನ ಪ್ರಯೋಗಾಲಯಗಳಲ್ಲಿ ಲ್ಯಾಟ್ರಂಕುಲಿನ್ ಈಗ ನಿತ್ಯ ಬಳಕೆಯ ವಸ್ತುವಾಗಿದೆ.

ತನ್ನ ವಿಷ ತನಗೇ ತಾಗುವುದಿಲ್ಲವೇ?

ಅನೇಕ ಸ್ಪಂಜುಗಳು ಈ ವಸ್ತುಗಳನ್ನು ಗೋಳಕಗಳು ತುಂಬಿರುವ ವಿಶೇಷ ಕೋಶಗಳಲ್ಲಿ ಪ್ರತ್ಯೇಕವಾಗಿ ಇಟ್ಟುಕೊಳ್ಳುತ್ತವೆ. ಮೆಡಿಟರೇನಿಯನ್ ಸಮುದ್ರದ ಅಪ್ಲೈಸಿನಾ ಏರೊಫೋಬಾದಲ್ಲಿ ಇನ್ನೊಂದು ಉಪಾಯ ಕಂಡುಬಂದಿದೆ. ಅದರ ಮೈಯಲ್ಲಿ ಐಸೊಫಿಸ್ಟುಲಾರಿನ್‌ನಂಥ ದೊಡ್ಡ ಬ್ರೋಮಿನ್ ಸಂಯುಕ್ತಗಳು ಸಂಗ್ರಹವಾಗಿರುತ್ತವೆ. ಮೈಗೆ ಗಾಯವಾದಾಗ ಕಿಣ್ವಗಳ ಸಂಪರ್ಕಕ್ಕೆ ಬಂದು ಅವು ಒಡೆದು, ಏರೊಪ್ಲೈಸಿನಿನ್‌ನಂಥ ಚಿಕ್ಕ ಹಾಗೂ ಚುರುಕಾದ ಅಣುಗಳಾಗುತ್ತವೆ. ಈ ಪರಿವರ್ತನೆಯ ಗುರಿ ಮೀನೋ, ಗಾಯದ ಮೂಲಕ ಒಳನುಗ್ಗುವ ಬ್ಯಾಕ್ಟೀರಿಯಾವೋ ಎಂಬ ಬಗ್ಗೆ ಸಂಶೋಧಕರಲ್ಲಿ ವಾದವಿದೆ. ಏರೊಪ್ಲೈಸಿನಿನ್‌ಗೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಶಕ್ತಿ ಇರುವುದರಿಂದ ಎರಡನೆಯ ವಿವರಣೆ ನನಗೆ ಹೆಚ್ಚು ಒಪ್ಪಿತವಾಗಿ ಕಾಣುತ್ತದೆ.

ಇವನ್ನೆಲ್ಲ ಸ್ಪಂಜೇ ತಯಾರಿಸುತ್ತದೆಯೇ?

ಎಲ್ಲವನ್ನೂ ಅಲ್ಲ. ಕೆಲವು ಸ್ಪಂಜುಗಳ ದೇಹತೂಕದ ಮೂರನೇ ಒಂದು ಭಾಗಕ್ಕೂ ಹೆಚ್ಚು ಬ್ಯಾಕ್ಟೀರಿಯಾಗಳೇ ಆಗಿರುತ್ತವೆ. ಥಿಯೊನೆಲ್ಲಾ ಸ್ವಿನ್‌ಹೋಯಿ ಎಂಬ ಸ್ಪಂಜಿನಲ್ಲಿ ಸಿಗುವ ಪ್ರಬಲ ಸಂಯುಕ್ತಗಳಲ್ಲಿ ಬಹುತೇಕ ಎಲ್ಲವನ್ನೂ ಅದರೊಳಗೆ ವಾಸಿಸುವ ಎಂಟೊಥಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ತಯಾರಿಸುತ್ತದೆ ಎಂಬುದು 2014ರಲ್ಲಿ ಜೀನ್ ಅಧ್ಯಯನದಿಂದ ದೃಢಪಟ್ಟಿತು. ಇರಲು ಸ್ಥಳ ಕೊಡುವುದು ಸ್ಪಂಜು, ರಾಸಾಯನಿಕ ಕೊಡುವುದು ಬ್ಯಾಕ್ಟೀರಿಯಾ.

ಕಾಫಿ ಗಿಡದ ಕೆಫೀನಿಗೂ ಇದಕ್ಕೂ ಹೋಲಿಕೆ ಇದೆಯೇ?

ನಮ್ಮಲ್ಲಿ ಓದುವವರಲ್ಲಿ ಅನೇಕರು ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು ಕಡೆಯ ತೋಟದ ಮನೆಗಳಿಂದ ಬಂದವರಾದ್ದರಿಂದ ಈ ಪ್ರಶ್ನೆ ತಪ್ಪದೆ ಬರುತ್ತದೆ, ಮತ್ತು ಹೋಲಿಕೆ ನಿಜಕ್ಕೂ ಸರಿಯಾಗಿದೆ. ಗಿಡವೂ ಓಡಲಾರದು. ಕೆಫೀನು ಗಿಡದ ಬೆಳವಣಿಗೆಗೆ ನೇರವಾಗಿ ಬೇಕಾದ ವಸ್ತುವಲ್ಲ, ತಿನ್ನಲು ಬರುವ ಕೀಟಗಳನ್ನು ದೂರವಿಡುವ ಕಹಿ ಆಲ್ಕಲಾಯ್ಡ್. ಅರೇಬಿಕಾಕ್ಕಿಂತ ರೋಬಸ್ಟಾ ಬೀಜದಲ್ಲಿ ಅದು ಸುಮಾರು ಎರಡು ಪಟ್ಟು ಇರುತ್ತದೆ. ಆದರೂ ಕಾಯಿಕೊರಕ, ಅಂದರೆ ತೋಟದವರು ಬೆರಿ ಬೋರರ್ ಎನ್ನುವ ಕಿರುದುಂಬಿ, ಕಾಫಿ ಬೀಜದೊಳಗೇ ಸಂಸಾರ ಹೂಡುತ್ತದೆ. ಅದರ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಕೆಫೀನನ್ನು ಒಡೆದುಹಾಕುತ್ತವೆ ಎಂದು 2015ರಲ್ಲಿ ತಿಳಿದುಬಂತು. ಬಹುಪಾಲು ಶತ್ರುಗಳನ್ನು ತಡೆಯುವ ರಾಸಾಯನಿಕವನ್ನು ಯಾವುದೋ ಒಂದು ಜೀವಿ ದಾಟಿಬರುತ್ತದೆ ಎಂಬುದು ಕಡಲಿಗೂ ಅನ್ವಯಿಸುತ್ತದೆ.

ಹಾಗಾದರೆ ಸ್ಪಂಜು ತಿನ್ನುವ ಪ್ರಾಣಿಗಳು ಯಾವುವು?

ಮೀನುಗಳಲ್ಲಿ ಬಹಳ ಕಡಿಮೆ. ರ‍್ಯಾಂಡಲ್ ಮತ್ತು ಹಾರ್ಟ್‌ಮನ್ ಎಂಬ ವಿಜ್ಞಾನಿಗಳು 1968ರಲ್ಲಿ ವೆಸ್ಟ್ ಇಂಡೀಸಿನ 212 ಜಾತಿಯ ಮೀನುಗಳ ಹೊಟ್ಟೆಯಲ್ಲಿದ್ದ ಆಹಾರವನ್ನು ಪರೀಕ್ಷಿಸಿದ ವಿವರ ಪ್ರಕಟಿಸಿದರು. ಆಹಾರದಲ್ಲಿ ಶೇ. 6 ಅಥವಾ ಅದಕ್ಕಿಂತ ಹೆಚ್ಚು ಸ್ಪಂಜು ಇದ್ದದ್ದು ಕೇವಲ 11 ಜಾತಿಗಳಲ್ಲಿ. ಅವುಗಳಲ್ಲಿ ಏಂಜೆಲ್ ಮೀನುಗಳು ಪ್ರಮುಖವಾದವು. ಕೆಲವು ಗಿಳಿಮೀನುಗಳೂ ಸ್ಪಂಜನ್ನು ಮೇಯುತ್ತವೆ ಎಂಬುದು ಮುಂದೆ ಸ್ಪಷ್ಟವಾಯಿತು.

ಮೀನಲ್ಲದವರಲ್ಲಿ ಹಾಕ್ಸ್‌ಬಿಲ್ ಕಡಲಾಮೆ ವಿಶೇಷವಾದದ್ದು. ಕ್ಯಾರಿಬಿಯನ್ ಪ್ರದೇಶದ ಈ ಆಮೆಗಳ ಹೊಟ್ಟೆಯಲ್ಲಿದ್ದ ಒಣತೂಕದ ಶೇ. 95ರಷ್ಟು ಸ್ಪಂಜೇ ಆಗಿತ್ತು ಎಂದು 1988ರಲ್ಲಿ ವರದಿಯಾಯಿತು. ಗಾಜಿನಂಥ ಸಿಲಿಕಾ ಮುಳ್ಳುಗಳನ್ನು ಜೀವನಪರ್ಯಂತ ತಿಂದು ಬದುಕುವ ಈ ಆಮೆ, ಮುಳ್ಳೇ ರಕ್ಷಣೆ ಎಂಬ ಹಳೆಯ ವಾದಕ್ಕೆ ತಾನೇ ಉತ್ತರವಾಗಿದೆ. ಇನ್ನು ನ್ಯೂಡಿಬ್ರಾಂಕ್ ಎಂಬ ಚಿಪ್ಪಿಲ್ಲದ ಕಡಲ ಬಸವನಹುಳುಗಳು ಸ್ಪಂಜನ್ನು ತಿನ್ನುವುದಷ್ಟೇ ಅಲ್ಲದೆ ಅದರ ರಾಸಾಯನಿಕವನ್ನು ತಮ್ಮ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಕ್ರೋಮೊಡೋರಿಸ್ ಕುಲದ ಕೆಲವು ಹುಳುಗಳು ಲ್ಯಾಟ್ರಂಕುಲಿನ್ ಅನ್ನು, ಮೀನು ಮೊದಲು ಕಚ್ಚಬಹುದಾದ ಮೈಯಂಚಿನಲ್ಲಿಯೇ ದಟ್ಟವಾಗಿ ಶೇಖರಿಸುತ್ತವೆ.

ಎಲ್ಲ ಸ್ಪಂಜುಗಳೂ ಈ ರಕ್ಷಣೆಯನ್ನು ಏಕೆ ಹೊಂದಿಲ್ಲ?

ನನ್ನ ಮಟ್ಟಿಗೆ ಈ ವಿಷಯದ ತಿರುಳೇ ಇಲ್ಲಿದೆ. ರಾಸಾಯನಿಕವನ್ನು ತಯಾರಿಸಲು ಶಕ್ತಿ ಮತ್ತು ಸಾಮಗ್ರಿ ವ್ಯಯವಾಗುತ್ತದೆ. ಅಷ್ಟನ್ನೂ ಬೆಳವಣಿಗೆಗೆ, ಸಂತಾನೋತ್ಪತ್ತಿಗೆ, ಗಾಯ ಮಾಯಿಸಿಕೊಳ್ಳುವುದಕ್ಕೆ ಬಳಸಿದರೆ ಕಚ್ಚಿಸಿಕೊಂಡೂ ಬದುಕಬಹುದು. ಕ್ಯಾಲಿಸ್ಪಂಜಿಯಾ, ನಿಫೇಟಿಸ್ ಮುಂತಾದ ಕುಲಗಳ ಕೆಲವು ಸ್ಪಂಜುಗಳು ಈ ಎರಡನೆಯ ದಾರಿಯವು. ಅವುಗಳ ಸಾರವನ್ನು ಮೀನುಗಳು ಉಗುಳುವುದಿಲ್ಲ, ಆದರೆ ಅಂಥ ಪ್ರಭೇದಗಳ ಗಾಯಗಳು ರಕ್ಷಣೆಯುಳ್ಳ ಸ್ಪಂಜುಗಳ ಗಾಯಗಳಿಗಿಂತ ಬೇಗ ತುಂಬಿಕೊಳ್ಳುತ್ತವೆ. ಮೀನಿನ ಕಾಟ ಕಡಿಮೆ ಇರುವ ಮ್ಯಾಂಗ್ರೋವ್ ಬೇರುಗಳ ಮೇಲೆ ಇಂಥ ರುಚಿಕರ ಸ್ಪಂಜುಗಳು ನಿಶ್ಚಿಂತೆಯಿಂದ ಬೆಳೆಯುತ್ತವೆ. ಅವನ್ನು ತಂದು ಹವಳದ ದಿಬ್ಬದ ಮೇಲಿಟ್ಟು ವಿಡಿಯೊ ಚಿತ್ರೀಕರಿಸಿದಾಗ ಏಂಜೆಲ್ ಮೀನು ಮತ್ತು ಗಿಳಿಮೀನುಗಳು ದಿಬ್ಬದ ಸ್ಪಂಜುಗಳನ್ನು ಬಿಟ್ಟು ಅವುಗಳಿಗೇ ಮುಗಿಬಿದ್ದವು.

ಇದು ನಿಜವಾದರೆ, ಮೀನುಗಳನ್ನು ಹಿಡಿದು ಖಾಲಿ ಮಾಡಿದ ಕಡೆ ರುಚಿಕರ ಸ್ಪಂಜುಗಳೇ ಹೆಚ್ಚಬೇಕು. ಟ್ಸೆ-ಲಿನ್ ಲೋ ಮತ್ತು ಪಾಲಿಕ್ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಕ್ಯಾರಿಬಿಯನ್‌ನ 69 ತಾಣಗಳಲ್ಲಿ 109 ಪ್ರಭೇದಗಳನ್ನು ದಾಖಲಿಸಿ ಇದನ್ನೇ ಪರೀಕ್ಷಿಸಿದರು. ಯಾವ ತಾಣದಲ್ಲಿ ಎಂಥ ಸ್ಪಂಜುಗಳಿವೆ ಎಂಬುದು ಆ ತಾಣ ಎಲ್ಲಿದೆ ಎಂಬುದಕ್ಕಿಂತ ಹೆಚ್ಚಾಗಿ, ಅಲ್ಲಿ ಸ್ಪಂಜು ತಿನ್ನುವ ಮೀನುಗಳು ಎಷ್ಟಿವೆ ಎಂಬುದನ್ನು ಅವಲಂಬಿಸಿತ್ತು. ಬೋನಿನಿಂದ ಮೀನು ಹಿಡಿಯುವುದು ಹೆಚ್ಚಾಗಿರುವ ಜಮೈಕಾಕ್ಕೂ ಅದರ ನೆರೆಯ, ಮೀನುಗಳು ಉಳಿದುಕೊಂಡಿರುವ ಕೇಮನ್ ದ್ವೀಪಗಳಿಗೂ ಇರುವ ವ್ಯತ್ಯಾಸದಲ್ಲಿ ಇದು ಎದ್ದು ಕಂಡಿತು. ಬೇಗ ಬೆಳೆಯುವ ರುಚಿಕರ ಸ್ಪಂಜುಗಳು ಜಾಗಕ್ಕಾಗಿ ಹವಳಗಳ ಜೊತೆ ಪೈಪೋಟಿಗಿಳಿಯುತ್ತವೆ. ಏಂಜೆಲ್ ಮೀನನ್ನು ಹಿಡಿದರೆ ತೊಂದರೆಯಾಗುವುದು ಹವಳಕ್ಕೆ ಎಂಬ ಈ ಸಂಬಂಧವನ್ನು ಮೀನುಗಾರಿಕೆಯ ನಿಯಮ ರೂಪಿಸುವವರು ಗಂಭೀರವಾಗಿ ಪರಿಗಣಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಸ್ಪಂಜುಗಳ ಕಡು ಬಣ್ಣ ಮೀನಿಗೆ ಎಚ್ಚರಿಕೆಯೇ?

ಕೆಲವು ಚಿಟ್ಟೆ, ಕಪ್ಪೆಗಳಲ್ಲಿ ಬಣ್ಣವು ಎಚ್ಚರಿಕೆಯ ಸಂಕೇತವಾಗಿರುವುದರಿಂದ ಹೀಗೆ ಊಹಿಸಲಾಗುತ್ತದೆ. ಮೇಲೆ ಹೇಳಿದ, 71 ಪ್ರಭೇದಗಳ ಸಾರವನ್ನು ಪರೀಕ್ಷಿಸಿದ 1995ರ ಅಧ್ಯಯನದಲ್ಲಿ ಬಣ್ಣಕ್ಕೂ ಅರುಚಿಗೂ ಸಂಬಂಧ ಕಂಡುಬರಲಿಲ್ಲ.

ಈ ರಾಸಾಯನಿಕಗಳು ಮೀನುಗಳ ವಿರುದ್ಧ ಮಾತ್ರವೇ?

ಅಲ್ಲ. ಎರಿಲಸ್‌ನ ಗ್ಲೈಕೊಸೈಡ್‌ಗಳು ಮೀನನ್ನು ತಡೆಯುವುದರ ಜೊತೆಗೆ ಬ್ಯಾಕ್ಟೀರಿಯಾ ಅಂಟಿಕೊಳ್ಳುವುದನ್ನೂ, ಇತರ ಜೀವಿಗಳು ಮೈಮೇಲೆ ಹಬ್ಬುವುದನ್ನೂ ತಡೆಯುತ್ತವೆ. ಪ್ಲಾಕಾರ್ಟಿಸ್ ಎಂಬ ಸ್ಪಂಜು ಪಕ್ಕದ ಹವಳದ ಜೀವಕೋಶಗಳನ್ನು ಕೊಂದು ಆ ಜಾಗಕ್ಕೆ ಹರಡಿಕೊಳ್ಳುತ್ತದೆ ಎಂಬುದನ್ನು 1988ರಲ್ಲಿ ತೋರಿಸಲಾಯಿತು. ಬೇರೆ ಪ್ರಾಣಿಗಳು ಈ ರಕ್ಷಣೆಯ ಲಾಭ ಪಡೆಯುವುದೂ ಉಂಟು. ಡ್ರೋಮಿಯಾ ಜಾತಿಯ ಏಡಿ ಸ್ಪಂಜಿನ ತುಂಡೊಂದನ್ನು ತನ್ನ ಬೆನ್ನಿನ ಅಳತೆಗೆ ಕತ್ತರಿಸಿಕೊಂಡು, ಹಿಂಗಾಲುಗಳಿಂದ ಅದನ್ನು ಹಿಡಿದು ಹೊತ್ತುಕೊಂಡೇ ತಿರುಗುತ್ತದೆ.

ಮುಟ್ಟಿದರೆ ಮನುಷ್ಯರಿಗೆ ಅಪಾಯವೇ?

ಕೆಲವು ಪ್ರಭೇದಗಳಿಂದ ಖಂಡಿತ ತೊಂದರೆಯಿದೆ. ಬೆಂಕಿ ಸ್ಪಂಜು ಎಂದು ಹೆಸರಾದ ಟೆಡಾನಿಯಾ ಇಗ್ನಿಸ್ ತಾಗಿದರೆ ಚರ್ಮ ಉರಿದು ಕೆಂಪಾಗಿ ಬೊಬ್ಬೆ ಬರಬಹುದು. ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಾಗಲಿ, ಲಕ್ಷದ್ವೀಪ, ಅಂಡಮಾನ್‌ಗಳಲ್ಲಾಗಲಿ ನೀರಿಗಿಳಿದು ನೋಡುವವರು ಯಾವ ಸ್ಪಂಜನ್ನೂ ಮುಟ್ಟಬಾರದು. ಇದು ಸ್ಪಂಜಿನ ಹಿತಕ್ಕೂ ಒಳ್ಳೆಯದು. ಸ್ನಾನಕ್ಕೆ ಬಳಸುವ ನೈಸರ್ಗಿಕ ಸ್ಪಂಜು ಸ್ಪಂಜಿಯಾ, ಹಿಪ್ಪೊಸ್ಪಂಜಿಯಾ ಕುಲಗಳದು. ಜೀವಕೋಶಗಳೆಲ್ಲ ಕೊಳೆತು ತೊಳೆದುಹೋದ ಮೇಲೆ ಉಳಿಯುವ ನಾರಿನ ಹಂದರವಷ್ಟೇ ಅದಾದ್ದರಿಂದ ಭಯವಿಲ್ಲ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಕಾರ್ಖಾನೆಯಲ್ಲಿ ಮಾಡಿದ ಪ್ಲಾಸ್ಟಿಕ್.

ಇವುಗಳಿಂದ ಔಷಧಿ ತಯಾರಾಗಿದೆಯೇ?

ಆಗಿದೆ. 1950ರ ದಶಕದ ಆರಂಭದಲ್ಲಿ ವರ್ನರ್ ಬರ್ಗ್‌ಮನ್ ಮತ್ತು ರಾಬರ್ಟ್ ಫೀನಿ ಫ್ಲಾರಿಡಾದ ಸ್ಪಂಜೊಂದರಲ್ಲಿ, ಡಿಎನ್ಎ ಘಟಕಗಳನ್ನು ಹೋಲುವ ವಿಚಿತ್ರ ನ್ಯೂಕ್ಲಿಯೊಸೈಡ್‌ಗಳನ್ನು ಕಂಡರು. ಆ ಮಾದರಿಯನ್ನು ಅನುಸರಿಸಿ ರೂಪಿಸಿದ ಸೈಟರಾಬಿನ್‌ಗೆ 1969ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತು, ಇಂದಿಗೂ ಅದು ರಕ್ತದ ಕ್ಯಾನ್ಸರಿಗೆ ಮುಖ್ಯ ಔಷಧಿಯಾಗಿದೆ. ಜಪಾನಿನ ಹ್ಯಾಲಿಕಾಂಡ್ರಿಯಾ ಒಕಡಾಯಿ ಸ್ಪಂಜಿನ ಕಥೆ ಇನ್ನೂ ಕಠಿಣವಾದದ್ದು. 600 ಕಿಲೋ ಸ್ಪಂಜಿನಿಂದ ಹ್ಯಾಲಿಕಾಂಡ್ರಿನ್ ಬಿ ಸಿಕ್ಕಿದ್ದು 12.5 ಮಿಲಿಗ್ರಾಂ ಮಾತ್ರ. ಸಮುದ್ರದಿಂದ ತೆಗೆದು ಪೂರೈಸುವುದು ಅಸಾಧ್ಯವಾದ್ದರಿಂದ ರಸಾಯನಶಾಸ್ತ್ರಜ್ಞರು ಅದರ ಅಣುವಿನ ಕ್ರಿಯಾಶೀಲ ಭಾಗವನ್ನು ಅನುಕರಿಸಿ ಎರಿಬುಲಿನ್ ಅನ್ನು ಸಂಶ್ಲೇಷಿಸಿದರು. ಸ್ತನ ಕ್ಯಾನ್ಸರಿಗೆ ಅದರ ಬಳಕೆಗೆ 2010ರಲ್ಲಿ ಅನುಮತಿ ಸಿಕ್ಕಿತು.

ಸಮುದ್ರವಿಲ್ಲದ ನಮ್ಮ ಜಿಲ್ಲೆಯಲ್ಲಿ ಸ್ಪಂಜನ್ನು ನೋಡಲು ಸಾಧ್ಯವೇ?

ಕಡಲ ಸ್ಪಂಜನ್ನು ಜೀವಂತವಾಗಿ ನೋಡಬೇಕಾದರೆ ಘಟ್ಟ ಇಳಿಯಲೇಬೇಕು. ಆದರೆ ಭಾರತದ ನದಿ, ಕೆರೆಗಳಲ್ಲಿ ಸ್ಪಂಜಿಲ್ಲಿಡೇ ಕುಟುಂಬದ ಸಿಹಿನೀರಿನ ಸ್ಪಂಜುಗಳಿವೆ. ಬೇಸಿಗೆಯಲ್ಲಿ ನೀರು ಇಳಿದಾಗ, ಮುಳುಗಿದ್ದ ಕಲ್ಲಿನ ಅಡಿಭಾಗದಲ್ಲಿ ಅಥವಾ ಕೊರಡಿನ ಮೇಲೆ ತೆಳುವಾಗಿ ಹಬ್ಬಿದ ಬೂದು, ಕಂದು ಅಥವಾ ಹಸಿರು ಹೊದಿಕೆ ಕಂಡರೆ ಕೈಮಸೂರದಿಂದ ಗಮನಿಸಿ. ಹಸಿರು ಬಣ್ಣ ಅದರೊಳಗೆ ವಾಸಿಸುವ ಪಾಚಿಯದು. ಒಣಗುತ್ತಿರುವ ಸ್ಪಂಜಿನ ಬುಡದಲ್ಲಿ ಅರ್ಧ ಮಿಲಿಮೀಟರಿನಷ್ಟು ಗಾತ್ರದ ದುಂಡನೆಯ ಜೆಮ್ಯೂಲ್‌ಗಳು ಕಂಡರೆ ಗುರುತಿನ ಬಗ್ಗೆ ಸಂಶಯ ಬೇಡ. ಮಳೆ ಬಂದು ನೀರು ಏರಿದಾಗ ಹೊಸ ಸ್ಪಂಜು ಹುಟ್ಟುವುದು ಅವುಗಳಿಂದಲೇ. ಮುಟ್ಟಿದ ಕೈಯಿಂದ ಕಣ್ಣುಜ್ಜಬೇಡಿ, ಒಣ ಸ್ಪಿಕ್ಯೂಲ್‌ಗಳು ಕಣ್ಣಿಗೆ ಹಾನಿ ಮಾಡುತ್ತವೆ. ಕಲ್ಲನ್ನು ಇದ್ದಂತೆಯೇ ಮತ್ತೆ ಇಡುವ ಮುನ್ನ ಸ್ಪಂಜಿನ ಮೇಲ್ಮೈಯನ್ನು ಇನ್ನೊಮ್ಮೆ ನೋಡಿದರೆ ಸಿಸೈರಿಡೇ ಎಂಬ ಕೀಟ ಕುಟುಂಬದ ಸಣ್ಣ ಮರಿಹುಳುಗಳು ಸಿಕ್ಕರೂ ಸಿಗಬಹುದು. ಅವುಗಳ ಆಹಾರ ಈ ಸಿಹಿನೀರಿನ ಸ್ಪಂಜೇ.